ಬೈಗುಳ ನಿಂತರೆ ಹಗ್ಗ ಎಳೆಯಬೇಕು

ಸೂರ್ಯ ಇನ್ನೂ ಎದ್ದಿಲ್ಲ. ಹೊಲದಂಚಿನ ಹಾಳುಬಾವಿಯ ಕಟ್ಟೆಗೆ ಎದೆಯೊತ್ತಿ ನಿಂತ ಅಜ್ಜಿ, ಉರಿಯುವ ಲಾಟೀನನ್ನು ಹಗ್ಗದ ತುದಿಗೆ ಕಟ್ಟಿ ಒಳಕ್ಕೆ ಇಳಿಬಿಡುತ್ತಿದ್ದಾರೆ. ಗೋಡೆಯ ಕಲ್ಲುಗಳು ಒಂದೊಂದಾಗಿ ಬೆಳಕಿಗೆ ಬಂದು ಒಂದೊಂದಾಗಿ ಕತ್ತಲಿಗೆ ಹೋಗುತ್ತವೆ. ಪಾಚಿ, ಬೇರು, ಯಾವುದೋ ಹಕ್ಕಿ ಬಿಟ್ಟುಹೋದ ಗೂಡು. ಅರ್ಧ ಆಳದಲ್ಲಿ ಗೋಡೆ ಕುಸಿದು ಒಂದು ಚಾಚು ಉಳಿದಿದೆ. ಆ ಚಾಚಿನ ಮೇಲೆ ನಾಲ್ಕು ಕಾಲನ್ನೂ ಒಂದೇ ಕಡೆ ಕೂಡಿಸಿಕೊಂಡು ಒಂದು ಮೇಕೆಮರಿ ನಿಂತಿದೆ. ಅದರ ಕೊರಳ ಹಗ್ಗ ಗೋಡೆಯ ಒಂದು ಬೇರಿಗೆ ಸಿಕ್ಕಿಕೊಂಡಿದ್ದರಿಂದಲೇ ಅದು ಇನ್ನೂ ತಳ ಸೇರಿಲ್ಲ. ಲಾಟೀನು ಕಂಡದ್ದೇ ತಡ, ಮರಿ ಅರಚುತ್ತದೆ.

"ಬಾಯ್ಮುಚ್ಚು, ಬಂದೆ. ಬೀಳೋವಾಗ ನನ್ನ ಕೇಳಿ ಬಿದ್ಯಾ?" ಎಂದು ಅಜ್ಜಿ ಬಾವಿಯೊಳಕ್ಕೆ ಗದರುತ್ತಾರೆ.

ಲಾಟೀನು ಮರಿಯನ್ನು ದಾಟಿ ಇನ್ನೂ ತುಸು ಕೆಳಗಿಳಿಯುತ್ತದೆ. ಉರಿ ಸಣ್ಣಗಾಗಿ, ಕೆಂಪಾಗಿ, ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ವರ್ಷಗಟ್ಟಲೆ ಬಿದ್ದು ಕೊಳೆತ ಎಲೆಗಳ ಮೇಲೆ ಅಲ್ಲಿ ಕೆಟ್ಟ ಗಾಳಿ ತುಂಬಿ ನಿಂತಿದೆ. ದೀಪ ಆರಿದ ಕಡೆ ಮನುಷ್ಯನ ಉಸಿರೂ ಆರುತ್ತದೆ ಎಂಬುದನ್ನು ಅಲ್ಲಿ ನಿಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಕೆಯ ಒಡತಿ, ನೆರೆಮನೆಯಾಕೆ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ಅಜ್ಜಿ ಲಾಟೀನನ್ನು ಮೇಲೆಳೆದು, ಅದು ಆರಿದ ಆಳವನ್ನು ದಪ್ಪ ಹಗ್ಗದ ಮೇಲೆ ಅಳೆದು, ಒಂದು ಕಡೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಈ ದಪ್ಪ ಹಗ್ಗದಲ್ಲಿ ಇಳಿಯುವುದು ಅವರೇ. ಕೆಂಪು ಬಟ್ಟೆ ಕಟ್ಟೆಯಂಚಿಗೆ ಬಂದ ಮೇಲೆ ಒಂದು ಬೆರಳಷ್ಟೂ ಹಗ್ಗ ಬಿಡುವಂತಿಲ್ಲ. "ಕಾಲು ಎಲ್ಲಿರುತ್ತೆ ಅಂತ ಲೆಕ್ಕ ಹಾಕಬಾರದು, ಮೂಗು ಎಲ್ಲಿರುತ್ತೆ ಅಂತ ಲೆಕ್ಕ ಹಾಕಬೇಕು," ಎನ್ನುವುದು ಅವರು ಎಲ್ಲರಿಗೂ ಹೇಳುವ ಮಾತು. ಇವತ್ತು ಅದನ್ನು ಹೇಳುವುದಿಲ್ಲ. ಹೇಳಬೇಕಾದವಳ ಜೊತೆ ಅವರು ಮಾತು ಬಿಟ್ಟಿದ್ದಾರೆ.

ಆಕೆ ಅವರ ಸೊಸೆ. ಬಾವಿಯ ಮೇಲೆ ನಿಲ್ಲಿಸಿದ ಮೂರು ಕಾಲಿನ ಮರದ ಚೌಕಟ್ಟು, ಅದರ ನೆತ್ತಿಯ ರಾಟೆ, ರಾಟೆಯಿಂದ ಬಂದು ಪಕ್ಕದ ಮರದ ಬೊಡ್ಡೆಗೆ ಎರಡು ಸುತ್ತು ಹಾಕಿದ ಹಗ್ಗ. ಆ ಹಗ್ಗದ ತುದಿ ಇರುವುದು ಸೊಸೆಯ ಕೈಯಲ್ಲಿ. ಅಜ್ಜಿಯ ಜೀವವೂ ಇನ್ನು ಸ್ವಲ್ಪ ಹೊತ್ತಿಗೆ ಅದೇ ಕೈಯಲ್ಲಿ ಇರುತ್ತದೆ. ಹೀಗಿರುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

"ಹಗ್ಗ ಬಿಗಿಯಾಗಿದೆಯಾ ಅಂತ ಕೇಳಮ್ಮ ಅವಳನ್ನ," ಎಂದು ಅಜ್ಜಿ ನೆರೆಮನೆಯಾಕೆಗೆ ಹೇಳುತ್ತಾರೆ. ಸೊಸೆ ನಿಂತಿರುವುದು ನಾಲ್ಕು ಹೆಜ್ಜೆ ಆಚೆ.

"ಬಿಗಿಯಾಗಿದೆ ಅಂತೆ," ಎಂದು ನೆರೆಮನೆಯಾಕೆ ಅಳುತ್ತಲೇ ವರದಿ ಒಪ್ಪಿಸುತ್ತಾಳೆ. ಸೊಸೆ ತುಟಿ ಬಿಚ್ಚಿಲ್ಲ, ತಲೆ ಆಡಿಸಿದ್ದಾಳೆ ಅಷ್ಟೆ.

ಸುತ್ತಲಿನ ನಾಲ್ಕಾರು ಊರಿಗೆ ಇವರು ಗರಡಿಯಜ್ಜಿ. ಹೆಸರು ಕೇಳಿ ಕುಸ್ತಿಯ ಗರಡಿಮನೆಯನ್ನು ನೆನೆಸಿಕೊಂಡು ಬಂದವರು, ಒಣಗಿದ ಅವರೆಕಾಯಿಯಂತಿರುವ ಮೈಯನ್ನು ಕಂಡು ಪೆಚ್ಚಾಗುತ್ತಾರೆ. ಹೆಸರು ಬಂದದ್ದು ಪಾತಾಳಗರಡಿಯಿಂದ. ಕಬ್ಬಿಣದ ಬಳೆಗೆ ಹತ್ತಾರು ಕೊಕ್ಕೆಗಳನ್ನು ಜೋಲಾಡುವಂತೆ ಕೋದ ಗೊಂಚಲು ಅದು. ಹಗ್ಗಕ್ಕೆ ಕಟ್ಟಿ ಬಾವಿಯ ತಳದಲ್ಲಿ ಆಡಿಸಿದರೆ ಬಿದ್ದ ಕೊಡವೋ ಬಕೆಟ್ಟೋ ಯಾವುದಾದರೊಂದು ಕೊಕ್ಕೆಗೆ ಸಿಕ್ಕುತ್ತದೆ. ಅಜ್ಜಿಯ ಗಂಡ ಬಾವಿ ತೋಡುವ ಕೆಲಸದವರು. ಬಾವಿಯಲ್ಲೇ ಹೋದರು. ಅವರ ಹಾರೆಯನ್ನು ಕಮ್ಮಾರನಲ್ಲಿಗೆ ಹೊತ್ತೊಯ್ದು ಅಜ್ಜಿ ಈ ಕೊಕ್ಕೆಗಳನ್ನು ಬಡಿಸಿದರು. ಗಂಡ ಹೋದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, ಎದ್ದು ಕೊಕ್ಕೆಗಳ ತುಕ್ಕು ಉಜ್ಜಲು ಹೋಗುತ್ತಾರೆ. ಎಂಟು ವರ್ಷದಿಂದ ಒಂದೇ ಸೂರಿನಡಿ ಇರುವ ಸೊಸೆಗೂ ಅದು ಗೊತ್ತಿಲ್ಲ.

ಕೊಡ, ಬಕೆಟ್ಟು ಎತ್ತುವುದು ಅಜ್ಜಿಗೆ ದಿನದ ಮಾತು. ಸೈಕಲ್ ಎತ್ತಿದ್ದಾರೆ. ಗೋಡೆ ಗಡಿಯಾರ ಎತ್ತಿದ್ದಾರೆ. ಗಂಡ ಹೆಂಡಿರ ಜಗಳದಲ್ಲಿ ಬಾವಿ ಸೇರಿದ್ದು ಅದು, ಎಸೆದವರು ಯಾರೆಂದು ಅಜ್ಜಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನಿವೃತ್ತ ಮೇಷ್ಟ್ರ ಹಲ್ಲಿನ ಸೆಟ್ಟು ಎತ್ತಿದ್ದಂತೂ ಎಲ್ಲರ ಬಾಯಲ್ಲಿದೆ. "ಕೆಸರಲ್ಲಿ ಕೂತ್ಕೊಂಡು ನನ್ನ ನೋಡಿ ನಗ್ತಾ ಇತ್ತು. ಮೇಷ್ಟ್ರು ಅಷ್ಟು ಚೆನ್ನಾಗಿ ಯಾವತ್ತೂ ನಕ್ಕಿರಲಿಲ್ಲ ಬಿಡಿ," ಎನ್ನುತ್ತಾರೆ ಅಜ್ಜಿ. ಬೇಸಿಗೆಯಲ್ಲಿ ವಾರಕ್ಕೆ ನಾಲ್ಕೈದು ಕಡೆಯಿಂದ ಕರೆ ಬರುತ್ತದೆ. ಕೊಕ್ಕೆಗೆ ಸಿಗದ ವಸ್ತುವಾದರೆ, ಇಲ್ಲವೇ ಬಿದ್ದದ್ದು ಜೀವವಾದರೆ, ಅಜ್ಜಿ ಸೊಂಟಕ್ಕೆ ಪಟ್ಟಿ ಕಟ್ಟಿ ತಾವೇ ಇಳಿಯುತ್ತಾರೆ. ಕರೆಯಿಲ್ಲದ ದಿನ ಹಗ್ಗಗಳನ್ನು ಬೆರಳಲ್ಲಿ ಸವರಿ, ಎಳೆ ಸವೆದ ಕಡೆ ಹೊಸ ಎಳೆ ಸೇರಿಸಿ ಹೊಸೆಯುತ್ತಾರೆ. ಹಾಳುಬಾವಿಗಳಿಗೆ ಕೋಲು ಹೆಣೆದು ಮುಚ್ಚಳ ಮಾಡುತ್ತಾರೆ. ಈ ಬಾವಿಗೂ ಒಂದು ಮುಚ್ಚಳ ಹೆಣೆದಿದ್ದರು. ಯಾರೋ ಪುಣ್ಯಾತ್ಮರು ಒಲೆಗೆಂದು ಹೊತ್ತೊಯ್ದರು.

ಅಜ್ಜಿಯ ಕೆಲಸದಲ್ಲಿ ಒಂದೇ ಒಂದು ಕಟ್ಟಳೆ. ಇಳಿದವರು ಬಾಯಿ ನಿಲ್ಲಿಸಬಾರದು. ಇಳಿಯುವಾಗ, ಹುಡುಕುವಾಗ, ಏರುವಾಗ ಒಂದೇ ಸಮನೆ ಮಾತು ಮೇಲಕ್ಕೆ ಬರುತ್ತಿರಬೇಕು. ಹಾಡು ಬಾರದ ಅಜ್ಜಿ ಬೈಯುತ್ತಾರೆ. ಬಾವಿಯನ್ನು, ಬಾವಿ ಕಟ್ಟಿದವನನ್ನು, ಬಿದ್ದ ಕೊಡವನ್ನು, ಕೊಡ ಬೀಳಿಸಿದವಳ ಕೈಯನ್ನು, ಆ ಕೈಗೆ ಬುದ್ಧಿ ಕಲಿಸದ ತವರನ್ನು. ಬೈಗುಳ ಕೇಳುತ್ತಿರುವವರೆಗೆ ಎಲ್ಲ ಸರಿಯಾಗಿದೆ ಎಂದರ್ಥ. ಬೈಗುಳ ನಿಂತರೆ ಹಗ್ಗ ಎಳೆಯಬೇಕು. ಯಾಕೆ, ಏನು ಎಂದು ಕೇಳುತ್ತ ನಿಲ್ಲಬಾರದು.

ಮಾತು ಬಿಡಲು ಕಾರಣವಾದದ್ದೂ ಈ ಕಟ್ಟಳೆಯೇ. ಮೊನ್ನೆ ಸಂಜೆ ಊಟಕ್ಕೆ ಕೂತಾಗ ಸೊಸೆ, ಎರಡು ದಿನದಿಂದ ಮನಸ್ಸಲ್ಲೇ ಜೋಡಿಸಿಟ್ಟುಕೊಂಡ ಮಾತನ್ನು ಹೊರಗೆ ಹಾಕಿದಳು. "ಇನ್ನು ಮೇಲೆ ಬಾವಿಗೆ ನಾನಿಳೀತೀನಿ ಅತ್ತೆ. ನೀವು ಮೇಲಿರಿ. ನಿಮಗೆ ವಯಸ್ಸಾಯ್ತು." ವಯಸ್ಸಿನ ಮಾತನ್ನು ಅಜ್ಜಿ ನುಂಗಿಕೊಂಡರು. ಮೊದಲ ಮಾತು ಗಂಟಲಲ್ಲಿ ಇಳಿಯಲಿಲ್ಲ.

"ನೀನಾ? ಈ ಮನೆ ಹೊಸಿಲು ದಾಟಿ ಎಂಟು ವರ್ಷ ಆಯ್ತು, ಎಂಟು ಮಾತು ಆಡಿಲ್ಲ ನೀನು. ನಿನ್ನ ಬಾವಿಗೆ ಇಳಿಸಿ ಮೇಲೆ ನಾನು ಯಾರ ದನಿ ಕೇಳ್ಕೊಂಡು ಕೂರಲಿ? ಬಾಯಿಲ್ಲದವಳು ಬಾವಿಗೆ ಆಗಲ್ಲ ತಾಯಿ."

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಅಜ್ಜಿ," ಎಂದು ಶಾಲೆಯಲ್ಲಿ ಹೊಸದಾಗಿ ಕಲಿತದ್ದನ್ನು ಮೊಮ್ಮಗಳು ನಡುವೆ ತೂರಿಸಿದಳು.

"ಬಾವಿಯೊಳಗೆ ಬಂಗಾರ ಕಟ್ಕೊಂಡು ಏನು ಮಾಡ್ತಾರೆ? ಮುಳುಗ್ತಾರೆ!"

ಸೊಸೆ ಎದ್ದು ತಟ್ಟೆ ತೊಳೆದಳು. ಅಂದಿನಿಂದ ಮಾತಿಲ್ಲ. ಲಾರಿ ಓಡಿಸುವ ಮಗ ಮನೆಯಲ್ಲಿದ್ದರೆ ನಡುವೆ ಬಂದು ಏನಾದರೂ ಮಾಡುತ್ತಿದ್ದನೋ ಏನೋ, ಅವನು ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹಾಗಾಗಿ ಮನೆಯ ವ್ಯವಹಾರವೆಲ್ಲ ಮೊಮ್ಮಗಳ ಮೂಲಕ ನಡೆಯಿತು. "ನಿಮ್ಮಮ್ಮನ್ನ ಕೇಳು, ಬೆಲ್ಲದ ಡಬ್ಬಿ ಎಲ್ಲಿಟ್ಟಿದಾಳೆ ಅಂತ." "ನಿಮ್ಮಜ್ಜಿಗೆ ಹೇಳು, ಅವರ ಕಣ್ಮುಂದೇನೇ ಇದೆ ಅಂತ." ಮಾತಿಲ್ಲದೆ ಇರುವುದು ಸೊಸೆಗೆ ಹೊಸದಲ್ಲ. ಅಜ್ಜಿಗೆ ಅದು ಉಪವಾಸ. ಎರಡು ದಿನಕ್ಕೆ ಮುಖ ಇಳಿದುಹೋಗಿದೆ. ಸೋಲುವ ಜಾತಿಯಂತೂ ಇಬ್ಬರದೂ ಅಲ್ಲ.

ಈ ಬೆಳಗ್ಗೆ ನೆರೆಮನೆಯಾಕೆ ಎದೆ ಬಡಿದುಕೊಂಡು ಓಡಿಬಂದಾಗ ಇಬ್ಬರೂ ಒಟ್ಟಿಗೆ ಎದ್ದರು. ಒಬ್ಬರು ಹಗ್ಗ ಹೊತ್ತರು, ಇನ್ನೊಬ್ಬರು ಕೊಕ್ಕೆ ಹೊತ್ತರು. ದಾರಿಯುದ್ದಕ್ಕೂ ಉಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಗ್ನಿಶಾಮಕದವರಿಗೆ ಫೋನ್ ಹೋಗಿದೆ. ಹೊಳೆಯ ಆಚೆಯಿಂದ ಸುತ್ತಿ ಬರಬೇಕು ಅವರು. ಅಷ್ಟರಲ್ಲಿ ಚಾಚಿನಿಂದ ಒಂದೊಂದೇ ಕಲ್ಲು ಕಳಚಿ ಬೀಳುತ್ತಿದೆ. ಬಾವಿಯ ಬಳಿ ಬಂದದ್ದೇ ಸೊಸೆ ಸೊಂಟದ ಪಟ್ಟಿಯನ್ನು ಎತ್ತಿ ತನ್ನ ಸೊಂಟಕ್ಕೆ ಸುತ್ತಿಕೊಂಡಳು. ಅಜ್ಜಿ ಒಂದೂ ಮಾತಾಡದೆ ಅದನ್ನು ಬಿಚ್ಚಿ ಕಿತ್ತುಕೊಂಡರು. ಎರಡು ದಿನದಲ್ಲಿ ಅವರಿಬ್ಬರೂ ಮುಟ್ಟಿಕೊಂಡದ್ದು ಅದೊಂದೇ ಸಲ.

ಈಗ ಅಜ್ಜಿ ಇಳಿಯುತ್ತಿದ್ದಾರೆ. ಹಲಗೆಯ ಮೇಲೆ ಕೂತು, ಎದೆಗೂ ಸೊಂಟಕ್ಕೂ ಪಟ್ಟಿ ಬಿಗಿದು, ಒಂದು ಕೈಯಲ್ಲಿ ಪಾತಾಳಗರಡಿ ಹಿಡಿದು. ಸೊಸೆ ಹಗ್ಗವನ್ನು ಅಂಗೈಯಿಂದ ಅಂಗೈಗೆ ಬಿಡುತ್ತಾಳೆ. ಹೊಲದಲ್ಲಿ ಲಾಟೀನು ಕಂಡು ಬಂದ ಟ್ರಾಕ್ಟರ್ ಡ್ರೈವರ್ ಅವಳ ಹಿಂದೆ ಹಗ್ಗದ ಬಾಲ ಹಿಡಿದು ನಿಂತಿದ್ದಾನೆ.

ಸೊಸೆಗಿರುವ ಭಯ ಒಂದೇ. ಮಾತು ಬಿಟ್ಟವರು ಒಳಗೆ ಹೋಗಿ ಬಾಯಿ ಮುಚ್ಚಿಕೊಂಡರೆ ತನಗೆ ಗೊತ್ತಾಗುವುದು ಹೇಗೆ? ಸಿಟ್ಟಿನ ಮೌನಕ್ಕೂ ಕೆಟ್ಟ ಗಾಳಿಯ ಮೌನಕ್ಕೂ ಮೇಲೆ ನಿಂತವರ ಕಿವಿಗೆ ವ್ಯತ್ಯಾಸವೇನು?

ಬಾವಿಯಿಂದ ದನಿ ಎದ್ದಾಗ ಅವಳ ಮೈ ಸಡಿಲವಾಗುತ್ತದೆ. ಅಜ್ಜಿ ಉಪಾಯ ಕಂಡುಕೊಂಡಿದ್ದಾರೆ. ಸೊಸೆಗೆ ಹೇಳಬೇಕಾದ್ದನ್ನೆಲ್ಲ ಮೇಕೆಮರಿಗೆ ಹೇಳುತ್ತಿದ್ದಾರೆ.

"ಏನೇ ಮರಿ, ಕೆಲವರ ಮನೇಲಿ ಮಾತಾಡಿದ್ರೆ ತೆರಿಗೆ ಕಟ್ಟಬೇಕಂತೆ, ಗೊತ್ತಾ? ನೀನೇ ವಾಸಿ. ಹೆದರಿಕೆ ಆದ್ರೆ ಮ್ಯಾ ಅಂತೀಯ, ಹಸಿವಾದ್ರೂ ಮ್ಯಾ ಅಂತೀಯ. ಕೆಲವರು ಅದೂ ಅನ್ನಲ್ಲ. ಗೋಡೆ ಹತ್ರ ಸಂಸಾರ ಮಾಡಿದ ಹಾಗೆ. ಅಲ್ಲಾಡ್ಬೇಡ, ಅಲ್ಲಾಡ್ಬೇಡ ಅಂದ್ನಲ್ಲ, ನಿನ್ನ ಕಾಲು ಮುರಿಯ!"

ಡ್ರೈವರ್ ಕಿಸಕ್ಕೆಂದು ನಕ್ಕು, ಸೊಸೆಯ ಬೆನ್ನು ನೋಡಿ ಕೆಮ್ಮುತ್ತಾನೆ. ಸೊಸೆಗೆ ನಾಚಿಕೆಯೂ ಇಲ್ಲ, ಕೋಪವೂ ಇಲ್ಲ. ಬೈಯಲಿ, ಇನ್ನೂ ಬೈಯಲಿ ಎಂದುಕೊಳ್ಳುತ್ತ ಹಗ್ಗ ಬಿಡುತ್ತಾಳೆ. ಕೆಂಪು ಬಟ್ಟೆ ರಾಟೆ ದಾಟಿ ಕಟ್ಟೆಯ ಕಡೆಗೆ ಇಳಿಯುತ್ತಿದೆ.

ಅದು ಅಂಚಿಗೆ ಬಂದು ನಿಲ್ಲುವುದಕ್ಕೂ ಕೆಳಗೆ ಧಡಲ್ ಎಂದು ಸದ್ದಾಗುವುದಕ್ಕೂ ಸರಿಹೋಗುತ್ತದೆ. ಚಾಚು ಬೇರಿನ ಸಮೇತ ಕುಸಿದಿದೆ. ಮರಿಯ ಅರಚಾಟ ಇನ್ನೂ ಆಳದಿಂದ, ಇನ್ನೂ ಸಣ್ಣಗೆ ಬರುತ್ತದೆ. ನೆರೆಮನೆಯಾಕೆ ಕಟ್ಟೆಗೆ ಮುಗಿಬಿದ್ದು ಕೂಗಿಕೊಳ್ಳುತ್ತಾಳೆ.

"ಸುಮ್ನಿರೇ! ಇಲ್ಲೇ ಇದೆ, ಕೆಳಗಿನ ಕಲ್ಲಿನ ಮೇಲಿದೆ," ಅಜ್ಜಿಯ ದನಿ. ಆಮೇಲೆ ತುಸು ತಡೆದು, "ಇನ್ನೊಂದು ಮೊಳ ಹಗ್ಗ ಬೇಕಿತ್ತಲ್ಲಾ ಮರಿ, ಯಾರನ್ನ ಕೇಳೋದು?"

ಸೊಸೆ ಕೆಂಪು ಬಟ್ಟೆಯನ್ನು ನೋಡುತ್ತಾಳೆ. ಅದು ಕಟ್ಟೆಯಂಚಿನಲ್ಲಿದೆ.

"ಒಂದು ಮೊಳ ಬಿಡು ತಾಯಿ, ನನ್ನ ಮರಿ ಸಾಯ್ತದೆ," ನೆರೆಮನೆಯಾಕೆ ಸೊಸೆಯ ತೋಳು ಹಿಡಿಯುತ್ತಾಳೆ.

"ಬಿಡಲ್ಲ," ಎನ್ನುತ್ತಾಳೆ ಸೊಸೆ. ಬಾವಿಯೊಳಕ್ಕೆ ಕೇಳುವಷ್ಟು ಗಟ್ಟಿಯಾಗಿ ಮತ್ತೊಮ್ಮೆ, "ಬಿಡಲ್ಲ ಅತ್ತೆ. ಗುರುತು ಬಂತು. ಮೇಲೆ ಬನ್ನಿ."

ಎರಡು ದಿನಗಳ ನಂತರ ಅತ್ತೆಗೆ ಅವಳು ಆಡಿದ ಮೊದಲ ಮಾತು ಇದು. ಬಾವಿಯಿಂದ ಉತ್ತರವಿಲ್ಲ.

ಕೊಕ್ಕೆಗಳು ಕಲ್ಲಿಗೆ ಬಡಿಯುವ ಸದ್ದು ಮಾತ್ರ ಬರುತ್ತದೆ. ಅಜ್ಜಿ ಗರಡಿಯನ್ನು ಕೆಳಗೆ ಬಿಟ್ಟು ಮರಿಯ ಕೊರಳ ಹಗ್ಗಕ್ಕೆ ಹಾಕಲು ನೋಡುತ್ತಿರಬೇಕು. ಒಮ್ಮೆ ಬಡಿಯಿತು. ಇನ್ನೊಮ್ಮೆ. ಆಮೇಲೆ ಅದೂ ನಿಂತಿತು. ಮರಿಯ ದನಿಯೂ ನಿಂತಿತು.

"ಕೋಪ ಮಾಡ್ಕೊಂಡ್ರು," ಡ್ರೈವರ್ ಹೇಳುತ್ತಾನೆ. "ನೀವು ಹಗ್ಗ ಬಿಡಲ್ಲ ಅಂದ್ರಲ್ಲ. ಅಜ್ಜಿಗೆ ಮೂಗಿನ ತುದೀಲೇ ಸಿಟ್ಟು. ಸ್ವಲ್ಪ ತಾಳಿ, ಅವರೇ ಬಾಯಿ ಬಿಡ್ತಾರೆ."

ಇರಬಹುದು. ಮೊನ್ನೆಯಿಂದ ಮುನಿಸಿಕೊಂಡ ಮನುಷ್ಯೆ. ಈಗ ಎಳೆದು, ಮರಿ ಕೈತಪ್ಪಿ, ಅಜ್ಜಿ ಗಟ್ಟಿಮುಟ್ಟಾಗಿ ಮೇಲೆ ಬಂದರೆ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ನೆರೆಮನೆಯಾಕೆಯೂ ಕ್ಷಮಿಸುವುದಿಲ್ಲ. ಸೊಸೆ ಹಗ್ಗವನ್ನು ಅಂಗೈಯಲ್ಲಿ ತೂಗಿ ನೋಡುತ್ತಾಳೆ. ಹಗ್ಗದ ಮೇಲಿನ ಭಾರ ಇದ್ದಷ್ಟೇ ಇದೆ, ಆದರೆ ಅದು ತೂಗಾಡುವ ಬಗೆ ಬೇರೆಯಾಗಿದೆ. ನೆಟ್ಟಗೆ ಕೂತವರ ಭಾರವಲ್ಲ ಅದು. ತಲೆಕೆಳಗಾಗಿ ಬಾಗಿದವರದು. ಹಗ್ಗ ಗುರುತಿನಲ್ಲೇ ಇದೆ, ಮೂಗು ಗುರುತು ದಾಟಿದೆ.

ಇನ್ನೊಂದು ವಿಷಯವೂ ಅವಳಿಗೆ ಆಗಲೇ ಹೊಳೆಯುತ್ತದೆ. ಅತ್ತೆ ಮನುಷ್ಯರ ಜೊತೆ ಮಾತು ಬಿಟ್ಟದ್ದುಂಟು. ಸೊಸೆಯ ಜೊತೆ, ಮಗನ ಜೊತೆ, ಒಮ್ಮೆ ಇಡೀ ಬೀದಿಯ ಜೊತೆ. ಬೆಕ್ಕಿನ ಜೊತೆ, ಕೋಳಿಯ ಜೊತೆ, ಬಿದ್ದ ಬಕೆಟ್ಟಿನ ಜೊತೆ ಇವತ್ತಿನವರೆಗೆ ಬಿಟ್ಟಿಲ್ಲ. ತನ್ನ ಮೇಲೆ ಎಷ್ಟೇ ಸಿಟ್ಟಿರಲಿ, ಎದುರಿಗಿರುವ ಮರಿಯನ್ನು ಬೈಯದೆ ಇರಲಾರರು.

"ಎಳೀರಿ," ಎನ್ನುತ್ತಾಳೆ. ಡ್ರೈವರ್ ಇನ್ನೂ ನಿಂತೇ ಇದ್ದಾನೆ. "ಎಳಿಯೋ!" ಎಂದು ಅವಳು ಕೂಗಿದ ಕೂಗಿಗೆ ಮರದಿಂದ ಹಕ್ಕಿಗಳು ಏಳುತ್ತವೆ. ಅವಳ ಗಂಟಲಲ್ಲಿ ಅಂಥದೊಂದು ದನಿ ಇದೆಯೆಂದು ಊರಿಗಿರಲಿ, ಅವಳಿಗೇ ಗೊತ್ತಿರಲಿಲ್ಲ.

ಎಳೆಯುತ್ತಾರೆ. ರಾಟೆ ಕಿರುಗುಟ್ಟುತ್ತದೆ. ಹಗ್ಗ ಅಂಗೈ ಸುಲಿಯುತ್ತದೆ. ಮೊದಲು ಬೆಳ್ಳಗಿನ ಕೂದಲು ಕಾಣುತ್ತದೆ, ಪಕ್ಕಕ್ಕೆ ವಾಲಿದ ತಲೆ, ನೀಲಿಗಟ್ಟಿದ ತುಟಿ. ಗರಡಿಯ ಹಗ್ಗವನ್ನು ಅಜ್ಜಿ ಮಣಿಕಟ್ಟಿಗೆ ಮೂರು ಸುತ್ತು ಸುತ್ತಿಕೊಂಡಿದ್ದಾರೆ. ಅದರ ತುದಿಯ ಕೊಕ್ಕೆಗೆ ಕೊರಳ ಹಗ್ಗ ಸಿಕ್ಕಿ, ಮರಿಯೂ ಹಿಂದೆಯೇ ಜೋತಾಡಿಕೊಂಡು ಬರುತ್ತದೆ. ಇಬ್ಬರನ್ನೂ ಹುಲ್ಲಿನ ಮೇಲೆ ಮಲಗಿಸುತ್ತಾರೆ. ಇಬ್ಬರಲ್ಲೂ ಅಲುಗಾಟವಿಲ್ಲ.

ಸೊಸೆ ಪಟ್ಟಿ ಸಡಿಲಿಸಿ, ಮುಖಕ್ಕೆ ಗಾಳಿ ಬೀಸಿ, ಕೆನ್ನೆ ತಟ್ಟುತ್ತಾಳೆ. "ಅತ್ತೆ. ಅತ್ತೆ. ಬೈಯ್ರಿ ಅತ್ತೆ. ಏನಾದ್ರೂ ಬೈಯ್ರಿ." ಏನು ಹೇಳುತ್ತಿದ್ದೇನೆ ಎಂಬ ಎಚ್ಚರವೂ ಅವಳಿಗಿಲ್ಲ. ಮೊದಲು ಸೀನಿದ್ದು ಮರಿ. ಆಮೇಲೆ ಅಜ್ಜಿಯ ಎದೆ ಒಮ್ಮೆ ದೊಡ್ಡದಾಗಿ ಏರಿ ಇಳಿಯುತ್ತದೆ. ಕಣ್ಣು ಅರೆ ತೆರೆಯುತ್ತದೆ.

"ಕೆನ್ನೆಗೆ ಯಾಕೆ ಹೊಡೀತಿದೀಯ?" ಎನ್ನುತ್ತಾರೆ ಅಜ್ಜಿ. "ಎಂಟು ವರ್ಷದ್ದು ತೀರಿಸ್ಕೋತಿದೀಯಾ?"

ಸೊಸೆ ಅಳುತ್ತಾಳೆ. ಅಗ್ನಿಶಾಮಕದವರು ಬಂದು, ಅಜ್ಜಿಯ ಮೂಗಿಗೆ ಗಾಳಿಯ ಕೊಳವೆ ಹಿಡಿದು, ಹೀಗೆಲ್ಲ ಇಳಿಯಬಾರದೆಂದು ಗದರಿ ಹೋಗುತ್ತಾರೆ. ಅವರ ಮಾತಿಗೆ ಅಜ್ಜಿ ತಲೆಯಾಡಿಸುತ್ತಾರೆ. ತಪ್ಪು ತಮ್ಮದೆಂದು ಅವರಿಗೆ ಗೊತ್ತಿದೆ. ಜೀವಮಾನವೆಲ್ಲ ಮೂಗಿನ ಲೆಕ್ಕ ಹೇಳಿದವರು, ಮರಿಯ ಕಣ್ಣು ಕಂಡದ್ದೇ ಮೂಗು ಮರೆತು ಬಾಗಿದ್ದರು.

ಎಲ್ಲರೂ ಹೋದ ಮೇಲೆ ಮರದ ನೆರಳಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿಯುತ್ತಾರೆ. ಅಜ್ಜಿ ಸೊಸೆಯ ಸುಲಿದ ಅಂಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆ ಸುತ್ತುತ್ತಾರೆ. ಸುತ್ತುತ್ತಲೇ, ಅವಳ ಮುಖ ನೋಡದೆ, ಹೇಳುತ್ತಾರೆ.

"ನಿಮ್ಮ ಮಾವನೂ ನಿನ್ನ ಥರಾನೇ. ನಾಲ್ಕು ಸಲ ಕೇಳಿದ್ರೆ ಒಂದು ಸಲ ಹ್ಞೂಂ ಅನ್ನೋರು. ಒಳ್ಳೆಯವರು, ಬಾಯಿಗೆ ಬೀಗ ಅಷ್ಟೆ. ಅವತ್ತು ಒಂದು ಹಳೇ ಬಾವಿ ಹೂಳು ತೆಗೆಯೋಕೆ ಇಳಿದಿದ್ರು. ನಾನು ಮೇಲೆ ಹಗ್ಗ ಹಿಡ್ಕೊಂಡು ಕೂತಿದ್ದೆ. ಕೆಳಗೆ ಸದ್ದಿಲ್ಲ. ಯಾವತ್ತು ಸದ್ದಿತ್ತು ಹೇಳು? ಕೆಲಸ ಮಾಡ್ತಿದಾರೆ ಅಂದ್ಕೊಂಡೆ. ಬಿಸಿಲು ನೆತ್ತಿಗೆ ಬಂತು. ಊಟಕ್ಕೆ ಬನ್ನಿ ಅಂತ ಕರೆದೆ. ಆಗಲೂ ಸುಮ್ನೆ. ನನಗೆ ಸಿಟ್ಟು ಬಂತು. ಕರೆದ್ರೂ ಓ ಅನ್ನಲ್ವಲ್ಲ ಈ ಮನುಷ್ಯ ಅಂತ ಸಿಟ್ಟು ಮಾಡ್ಕೊಂಡು, ಬೆನ್ನು ತಿರುಗಿಸ್ಕೊಂಡು ಕೂತಿದ್ದೆ ನಾನು."

ಬಟ್ಟೆಯ ಗಂಟು ಹಾಕಿ ಮುಗಿದಿದೆ. ಅಜ್ಜಿ ಕೈ ಬಿಡುವುದಿಲ್ಲ.

"ನನಗೆ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳಿದ್ಯಾ?"

ಸೊಸೆ ಬಟ್ಟೆಯ ಗಂಟನ್ನೇ ನೋಡುತ್ತ ಕೂರುತ್ತಾಳೆ. ಅಜ್ಜಿಯ ಮುಖ ಬಾಡುವುದನ್ನು ಕಂಡು ತಟ್ಟನೆ ಬಾಯಿ ತೆರೆಯುತ್ತಾಳೆ. "ನಾನು ಕಲೀತೀನಿ ಅತ್ತೆ."

"ಇಳಿಯೋದಾ? ಅದೇನು ಮಹಾ, ಎರಡು ದಿನಕ್ಕೆ ಬರುತ್ತೆ."

"ಇಳಿಯೋದಲ್ಲ. ಬೈಯೋದು."

ಇಳಿಯುವುದಕ್ಕಿಂತ ಇದು ಕಷ್ಟವೆಂದು ಬೇಗನೆ ಗೊತ್ತಾಗುತ್ತದೆ. ಅಂಗೈ ಮಾಯುವವರೆಗೆ ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ ಸೊಸೆ ಬೈಯುವ ಅಭ್ಯಾಸ ಮಾಡಬೇಕೆಂದು ಅಪ್ಪಣೆಯಾಗುತ್ತದೆ. "ಈ ಪಾತ್ರೆ ಅಷ್ಟೇನೂ ಸರಿಯಿಲ್ಲ," ಎಂದು ಅವಳು ಮೆಲ್ಲಗೆ ಹೇಳಿದಾಗ ಮೊಮ್ಮಗಳು ಬಿದ್ದುಬಿದ್ದು ನಗುತ್ತಾಳೆ. "ಇದು ಬೈಗುಳವೇನೇ? ಪಾತ್ರೆಗೆ ಸನ್ಮಾನ ಮಾಡಿದ ಹಾಗಿದೆ," ಎಂದು ಅಜ್ಜಿ ತಲೆ ಚಚ್ಚಿಕೊಳ್ಳುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಈ ಮನೆಯಲ್ಲಿ ತಿರುಗಿಸಿ ಹೇಳಿಕೊಡುತ್ತಿದ್ದಾರೆ. ಜಗಳ ಬಾರದವಳಿಗೆ ಬಾವಿಯಿಲ್ಲ.

ಹೊಸ ಕರೆ ಬರುವುದು ನಿವೃತ್ತ ಮೇಷ್ಟ್ರ ಮನೆಯಿಂದ. ಬಾವಿಗೆ ಬಗ್ಗಿ ನೋಡುವಾಗ ಕನ್ನಡಕ ಬಿದ್ದಿದೆ. "ಮೊದಲು ಹಲ್ಲು, ಈಗ ಕಣ್ಣು. ಮುಂದಿನ ಸಲ ಪೂರ್ತಿ ಮೇಷ್ಟ್ರೇ ಬೀಳ್ತಾರೆ, ಎಲ್ಲ ಒಟ್ಟಿಗೆ ಎತ್ತಬಹುದು," ಎಂದು ಗೊಣಗುತ್ತ ಅಜ್ಜಿ ಹೊರಡುತ್ತಾರೆ. ಇದು ದಿನವೂ ನೀರು ಸೇದುವ ಬಾವಿ. ಮಬ್ಬುಗತ್ತಲಲ್ಲಿ ಇಳಿಬಿಟ್ಟ ಲಾಟೀನು ನೀರು ಮುಟ್ಟುವವರೆಗೂ ನೆಟ್ಟಗೆ ಉರಿಯುತ್ತದೆ. ಅಜ್ಜಿ ಅದನ್ನು ಮೇಲೆಳೆದು ಮತ್ತೆ ಇಳಿಸುತ್ತಾರೆ. ಮೂರನೆಯ ಸಲವೂ ಇಳಿಸುತ್ತಾರೆ. ಆಮೇಲೆ ಸೊಂಟದ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಸೊಸೆಯ ಸೊಂಟಕ್ಕೆ ತಾವೇ ಸುತ್ತಿ, ಗಂಟನ್ನು ಎರಡೆರಡು ಸಲ ಎಳೆದು ನೋಡುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನೋಡುತ್ತ ನಿಂತ ನೆರೆಮನೆಯಾಕೆ ಹೇಳಿದ್ದಕ್ಕೆ ಇಬ್ಬರೂ ನಗುವುದಿಲ್ಲ.

ಸೊಸೆ ಇಳಿಯುತ್ತಾಳೆ. ಕಲ್ಲಿನ ತಂಪು ಮುಖಕ್ಕೆ ಬಡಿಯುತ್ತದೆ. ತನ್ನ ಉಸಿರೇ ತನಗೆ ದೊಡ್ಡದಾಗಿ ಕೇಳಿಸುತ್ತದೆ. ಮೇಲೆ ನೋಡಿದರೆ ದುಂಡಗಿನ ಆಕಾಶ, ಆಕಾಶದ ಅಂಚಿನಲ್ಲಿ ಅತ್ತೆಯ ತಲೆ. ಹಗ್ಗವನ್ನು ಮರಕ್ಕೆ ಸುತ್ತಿ ಡ್ರೈವರ್‌ಗೆ ಕೊಟ್ಟಿದ್ದರೂ ಅಜ್ಜಿ ಅದನ್ನು ಒಂದು ಕೈಯಿಂದ ಬಿಟ್ಟಿಲ್ಲ. ಆ ಕೈ ನಡುಗುತ್ತಿರುವುದು ಹಗ್ಗದ ಮೂಲಕ ಸೊಸೆಯ ಎದೆಗೆ ತಾಗುತ್ತದೆ. ಮಾತಾಡಬೇಕು ಎಂದು ಅವಳಿಗೆ ಗೊತ್ತಿದೆ. ಕಲಿತ ಬೈಗುಳ ಒಂದೂ ನೆನಪಿಗೆ ಬರುತ್ತಿಲ್ಲ.

"ಏನಾದ್ರೂ ಅನ್ನೇ!" ಮೇಲಿನಿಂದ ಅಜ್ಜಿ ಕೂಗುತ್ತಾರೆ. ಅದು ಬೈಯುವ ದನಿಯಲ್ಲ. ಆ ದನಿಯನ್ನು ಸೊಸೆ ಈವರೆಗೆ ಕೇಳಿಲ್ಲ.

"ಏನನ್ನಲಿ ಅತ್ತೆ?"

"ಬೈ!"

"ಯಾರನ್ನ?"

"ಯಾರನ್ನಾದ್ರೂ! ನನ್ನನ್ನೇ ಬೈ! ಎಂಟು ವರ್ಷದಲ್ಲಿ ನಾನೇನೂ ಮಾಡಿಲ್ವಾ?"

ಸೊಸೆಯ ಪಾದ ನೀರು ಮುಟ್ಟುತ್ತದೆ. ಮೊಣಕಾಲುದ್ದ ನೀರು. ಅವಳು ಕಣ್ಣು ಮುಚ್ಚುತ್ತಾಳೆ.

"ಮದುವೆಯಾದ ವಾರ ನಾನು ತಂದ ನೀರಲ್ಲಿ ಕೂದಲಿದೆ ಅಂದ್ರಲ್ಲ ಅತ್ತೆ," ಎಂದು ಶುರುಮಾಡುತ್ತಾಳೆ. ದನಿ ಗೋಡೆಗೆ ಬಡಿದು ದೊಡ್ಡದಾಗುತ್ತದೆ. ಅದನ್ನು ಕೇಳಿ ಅವಳಿಗೆ ಧೈರ್ಯ ಬರುತ್ತದೆ. "ಅದು ನಿಮ್ಮ ಕೂದಲು! ಬೆಳ್ಳಗಿತ್ತು! ನನ್ನ ಕೂದಲು ಬೆಳ್ಳಗಿದೆಯಾ? ಗೊರಕೆ ಹೊಡೆಯೋರು ನೀವು, ಬೆಳಗ್ಗೆ ಎದ್ದು ನಾನು ಹೊಡೆದೆ ಅಂತ ಊರಿಗೆಲ್ಲ ಹೇಳ್ತೀರಿ! ಉಪ್ಪು ಜಾಸ್ತಿ ಅಂತೀರಿ, ತಟ್ಟೆ ಮಾತ್ರ ನೆಕ್ಕಿ ಇಡ್ತೀರಿ! ಬಾಯಿಲ್ಲ ಬಾಯಿಲ್ಲ ಅಂತೀರಲ್ಲ, ನೀವು ಮಾತು ನಿಲ್ಲಿಸಿದ್ದು ಯಾವಾಗ, ನಾನು ಶುರುಮಾಡೋಕೆ?"

ಕೆಸರಿನಲ್ಲಿ ಆಡುತ್ತಿದ್ದ ಬೆರಳಿಗೆ ಕನ್ನಡಕ ಸಿಕ್ಕಿ ಆಗಲೇ ಹೊತ್ತಾಗಿದೆ. ಅವಳು ಅದನ್ನು ಮೇಲಕ್ಕೆ ಹೇಳುವುದಿಲ್ಲ. ಇನ್ನೂ ನಾಲ್ಕು ವರ್ಷದ್ದು ಬಾಕಿ ಇದೆ. ಬೈಯುತ್ತಲೇ ತಲೆಯೆತ್ತಿ ನೋಡುತ್ತಾಳೆ. ದುಂಡಗಿನ ಆಕಾಶಕ್ಕೆ ಬೆಳಕು ಬಂದಿದೆ, ಅಜ್ಜಿಯ ಮುಖ ಕಾಣಿಸುತ್ತಿದೆ. ಹಗ್ಗದಲ್ಲಿನ ನಡುಕ ನಿಂತಿದೆ.

"ಅಯ್ಯೋ ಅಜ್ಜಿ, ಸೊಸೆ ಇಷ್ಟೊಂದು ಬೈತಿದಾಳಲ್ಲ! ಕೇಳ್ಕೊಂಡು ಸುಮ್ನಿದೀರಲ್ಲ ನೀವು!" ನೆರೆಮನೆಯಾಕೆಯ ದನಿ ಬಾವಿಯ ತಳದವರೆಗೂ ಇಳಿಯುತ್ತದೆ.

"ಶ್..." ಎನ್ನುತ್ತಾರೆ ಅಜ್ಜಿ. "ನೀನು ಸುಮ್ನಿರು ಸ್ವಲ್ಪ. ನನಗೆ ಕೇಳಿಸ್ಬೇಕು."